ಲಕ್ಕವ್ವನ ಕಾಲಿಗೆ ಯಾರ ಸಹಿ

ಮೇಲವಂಕಿಯ ಆಶಾ ಕಾರ್ಯಕರ್ತೆ ಸುಜಾತಾಳ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಸಿಟ್ಟು ಅರ್ಧ ಅವಳ ಮೇಲೆ, ಅರ್ಧ ನನ್ನ ಮೇಲೆ. ನಾನು ಪದ್ಮವ್ವ. ಮೂವತ್ತೊಂದು ವರ್ಷ ಸರಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಗೋಕಾಕದಲ್ಲಿ ವೃದ್ಧರ ಆರೈಕೆ ಮನೆಯೊಂದರ ಉಸ್ತುವಾರಿ ನೋಡಿಕೊಂಡಿದ್ದೇನೆ. ಹದಿನೆಂಟು ಹಾಸಿಗೆ, ಇಬ್ಬರು ಆಯಾ, ಒಬ್ಬ ಅಡುಗೆಯವಳು, ಮತ್ತೆ ನಾನು. ಊರ ಮಂದಿ ಅದನ್ನು ಮುದುಕರ ಮನಿ ಅನ್ನುತ್ತಾರೆ. ನಮ್ಮಲ್ಲಿ ಇರುವವರು ದಿಕ್ಕಿಲ್ಲದವರೇನಲ್ಲ. ಮಕ್ಕಳಿದ್ದಾರೆ, ಹೊಲಗಳಿವೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚುವ ಕೈ, ಹಿಡಿದು ಬಚ್ಚಲಿಗೆ ಕರೆದೊಯ್ಯುವ ಕೈ ಮನೆಯಲ್ಲಿ ಇಲ್ಲ, ಅಷ್ಟೇ.

ಸುಜಾತಾಳನ್ನು ನಾನು ಮೊದಲು ಕಂಡದ್ದು ಹೆರಿಗೆ ವಾರ್ಡಿನಲ್ಲಿ. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಕೈಯಲ್ಲಿ ಯಾರದೋ ತಾಯಿ ಕಾರ್ಡು. ಮೇಲವಂಕಿಯಿಂದ ದಿನ ತುಂಬಿದ ಹುಡುಗಿಯರನ್ನು ಕರೆದುಕೊಂಡು ಬರುವುದು ಅವಳ ಕೆಲಸ. ಕರೆತಂದು ಬಿಟ್ಟು ಹೋಗುವ ಪೈಕಿಯಲ್ಲ. ಬಾಣಂತಿಗೆ ಬಿಸಿನೀರು ಸಿಗುವವರೆಗೆ ನಮ್ಮ ತಲೆ ತಿನ್ನುತ್ತಿದ್ದಳು. ನಾನು ಎಷ್ಟೋ ಸಲ ಅವಳನ್ನು ಬೈದು ಹೊರಗೆ ಕಳಿಸಿದ್ದೇನೆ. ಐದು ನಿಮಿಷಕ್ಕೆ ಮತ್ತೆ ಬಾಗಿಲಲ್ಲಿ ಹಾಜರ್.

ಒಂದು ದಿನದ ಮಾತು ನನಗೆ ಚೆನ್ನಾಗಿ ನೆನಪಿದೆ. ಹತ್ತೊಂಬತ್ತು ವರ್ಷದ ಹುಡುಗಿ, ಕೂಸು ಅಡ್ಡ ತಿರುಗಿತ್ತು, ತಕ್ಷಣ ಸಿಸೇರಿಯನ್ ಆಗಬೇಕು. ಅತ್ತೆ ಸಹಿಗೆ ಒಪ್ಪಲೊಲ್ಲಳು. ಮಗ ಟ್ರಕ್ ಹೊಡೆಯಲು ಸಾಂಗ್ಲಿ ಕಡೆ ಹೋಗಿದ್ದಾನೆ, ಅವನು ಬಂದು ಹ್ಞೂಂ ಅನ್ನಬೇಕು ಅಂತ ಹಟ ಹಿಡಿದು ಕುಳಿತಳು. ಸುಜಾತಾ ಅವಳೆದುರು ಹೋಗಿ ನಿಂತಳು.

"ನಿಮ್ಮ ಮಗಾ ಬರೂತನಕ ಕೂಸು ಕಾಯೂದಿಲ್ರಿ ಯಕ್ಕಾ. ಹೊಟ್ಟಿ ಯಾರದೈತಿ? ಈಕಿದೈತಿ. ಈಕಿ ಮೈಮ್ಯಾಲ ಎಚ್ಚರ ಅದಾಳ, ಕೈ ಗಟ್ಟಿ ಅದಾವು. ಪೆನ್ನು ಈಕಿ ಕೈಗೆ ಕೊಡ್ರಿ."

ಆ ಹುಡುಗಿ ಬೇನೆಯಲ್ಲಿ ಒದ್ದಾಡುತ್ತಲೇ ತನ್ನ ಹೆಸರು ತಾನೇ ಬರೆದಳು. ತಾಯಿ ಕೂಸು ಎರಡೂ ಬದುಕಿದವು. ನಾನು ಅಂದು ಸುಜಾತಾಳಿಗೆ ಚಹಾ ಕುಡಿಸಿದೆ. ನನ್ನ ಕೈಯಿಂದ ಚಹಾ ಕುಡಿದ ಆಶಾ ಕಾರ್ಯಕರ್ತೆಯರು ಬಹಳ ಮಂದಿ ಇಲ್ಲ.

ಮೂರು ವರ್ಷದ ಹಿಂದೆ ಅವಳು ತನ್ನ ತಾಯಿ ಲಕ್ಕವ್ವನನ್ನು ನಮ್ಮ ಮನೆಗೆ ಕರೆದುಕೊಂಡು ಬಂದಳು. ಲಕ್ಕವ್ವ ತುಕ್ಕಾನಟ್ಟಿಯ ಹೆಂಗಸು. ಗಂಡ ಕೆಂಚಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಹೊಲ ಗೇಣಿಗೆ ಕೊಟ್ಟು, ಹುಕ್ಕೇರಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟ ಮಗ ಸೋಮಶೇಖರನ ಹತ್ತಿರ ಇದ್ದಳು. ಶುಗರ್ ಹಳೆಯದು. ಆಮೇಲೆ ಲಕ್ವಾ ಸಣ್ಣಗೆ ತಟ್ಟಿ ಎಡಗೈ ಶಕ್ತಿ ಕಳೆದುಕೊಂಡಿತು. ಮಗನ ಮನೆ ಅಂಗಡಿಯ ಮೇಲಿನ ಮಾಳಿಗೆ, ಹತ್ತುವ ಮೆಟ್ಟಿಲು ಕಡಿದು. ಸೊಸೆಗೆ ಬೆನ್ನು ನೋವು. ಸುಜಾತಾ ತನ್ನ ಮನೆಗೆ ಕರೆದಳು, ಗಂಡ ಈಶ್ವರನೂ ಕರೆದ. ಒಳ್ಳೆಯ ಮನುಷ್ಯ ಈಶ್ವರ. ಲಕ್ಕವ್ವ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಮಗಳನ್ನ ಕೊಟ್ಟ ಮನಿಯಾಗ ಎರಡು ದಿನ ಪಾವಣ್ಯಾರಂಗ ಇರಬಹುದು. ಕಾಯಂ ಕುಂತು ಹೆಂಗ ಉಣ್ಣಲಿ? ನನ್ನ ಗಂಟಲದಾಗ ಇಳಿಯೂದಿಲ್ಲ," ಅಂದಳಂತೆ.

ಹೀಗಾಗಿ ಗೋಕಾಕ. ಮಗನಿಗೂ ಬರಲು ಆದೀತು, ಮಗಳಿಗೂ ಬರಲು ಆದೀತು ಅನ್ನುವ ಲೆಕ್ಕ. ಮಗಳು ವಾರಕ್ಕೆ ಎರಡು ಸಲ ಬಂದಳು. ಮಗ ಹಬ್ಬಕ್ಕೊಮ್ಮೆ ಬಂದ.

ಈಗ ನನ್ನ ತಪ್ಪಿನ ಮಾತು. ನಮ್ಮಲ್ಲಿ ಸೇರುವಾಗ ಒಂದು ಫಾರ್ಮು ತುಂಬಬೇಕು. ಅದರಲ್ಲಿ ಒಂದು ಸಾಲು: ವೈದ್ಯಕೀಯ ತೀರ್ಮಾನಕ್ಕೆ ಯಾರನ್ನು ಕೇಳಬೇಕು. ಅದರ ಕೆಳಗೆ ಇನ್ನೊಂದು ಸಾಲು: ಈ ವಿಷಯದಲ್ಲಿ ನಿವಾಸಿಯ ಸ್ವಂತ ಇಚ್ಛೆ. ಮೊದಲ ಸಾಲಿಗೆ ನಾನು ಸುಜಾತಾಳ ಹೆಸರು ಬರೆಯಲು ಪೆನ್ನು ಎತ್ತಿದ್ದೆ. ಅವಳು ಕೈ ಅಡ್ಡ ಇಟ್ಟಳು.

"ಅಣ್ಣನ ಹೆಸರು ಬರೀರಿ ಅಕ್ಕಾರ. ಮಗಾ ಇರಾಕ ಮಗಳ ಹೆಸರು ಯಾಕ? ನೋಡಿದವರು ನಮ್ಮ ತವರಮನಿಗೆ ಹೆಸರಿಡ್ತಾರ. ಮಗಾ ಕೈಬಿಟ್ಟಾನ ಅಂತಾರ."

"ಓಡಾಡಾಕಿ ನೀ, ಹೆಸರು ಅವಂದೇನ?" ಅಂದೆ.

"ಓಡಾಡೂದಕ್ಕ ಹೆಸರ್ಯಾಕ್ರಿ," ಅಂದು ನಕ್ಕಳು. ಫಾರ್ಮು ತೆಗೆದುಕೊಂಡು ಹುಕ್ಕೇರಿಗೆ ಬಸ್ಸು ಹತ್ತಿದಳು, ಅಣ್ಣನ ಅಂಗಡಿಯಲ್ಲಿ ಸಹಿ ಮಾಡಿಸಿಕೊಂಡು ಸಂಜೆಗೆ ತಂದುಕೊಟ್ಟಳು. ತವರಿನ ಮರ್ಯಾದೆ ಉಳಿಯಿತು. ಎರಡನೆಯ ಸಾಲಿನಲ್ಲಿ ನಾನು ಒಂದು ಗೀಟು ಎಳೆದೆ. ಲಕ್ಕವ್ವ ನನ್ನೆದುರಿಗೇ ಕುರ್ಚಿಯಲ್ಲಿ ಕುಳಿತಿದ್ದಳು, ಬಾಯಿ ಇತ್ತು, ಬುದ್ಧಿ ಇತ್ತು. ಕೇಳಲಿಲ್ಲ. ಹದಿನೆಂಟು ಫಾರ್ಮಿನಲ್ಲೂ ಆ ಸಾಲಿಗೆ ನಾನು ಗೀಟೇ ಎಳೆದಿದ್ದೆ.

ಲಕ್ಕವ್ವ ಮಾತಿನಲ್ಲಿ ಮೆಣಸಿನಕಾಯಿ. ನಮ್ಮ ಅಡುಗೆಯವಳ ಪಲ್ಯಕ್ಕೆ ದಿನಾ ಒಂದು ಕೊಂಕು ಇರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗ ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂಡುತ್ತಿದ್ದಳು. ಆ ಕೈಗೆ ಬಲ ಇರಲಿಲ್ಲವಾದ್ದರಿಂದ ಬಲಗೈಯಿಂದ ಅದನ್ನು ಹಿಡಿದಿರುತ್ತಿದ್ದಳು. ಪೂಜೆಗೆ ಪತ್ರಿ ಬೇಕು. ಹಿತ್ತಲಿನಲ್ಲಿ ಒಂದು ಬಿಲ್ವದ ಗಿಡ ಇದೆ. ಆಯಾ ಹರಿದುಕೊಟ್ಟರೆ ಆಗುವುದಿಲ್ಲ, ತಾನೇ ಹರಿಯಬೇಕು, ಅದೂ ಬರಿಗಾಲಲ್ಲಿ. ಚಪ್ಪಲಿ ಹಾಕ್ಕೊಂಡು ಪತ್ರಿ ಹರಿಯುತ್ತಾರೇನು ಅಂತ ನನಗೇ ದಬಾಯಿಸುತ್ತಿದ್ದಳು.

ಶುಗರ್ ಇದ್ದವರ ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ಚುಚ್ಚಿತ್ತು. ಹುಣ್ಣಾಗಿತ್ತು. ಅವಳು ಅರಿಷಿಣ ಒತ್ತಿ ಬಟ್ಟೆ ಸುತ್ತಿಕೊಂಡು, ಸೀರೆಯ ನಿರಿಗೆ ಇಳಿಬಿಟ್ಟು, ನನಗೆ ಹೇಳದೆ ಇದ್ದಳು. ಹೇಳಿದರೆ ನಾನು ಬೈಯುತ್ತೇನೆ ಅಂತ. ಬೈಯುತ್ತಿದ್ದೆ, ಸುಳ್ಳಲ್ಲ. ಕಡೆಗೆ ಆ ಸೋಮವಾರ ಬೆಳಿಗ್ಗೆ ಹಾಸಿಗೆ ಹತ್ತಿರ ಹೋದರೆ ವಾಸನೆ ಬಂತು. ಬಟ್ಟೆ ಬಿಚ್ಚಿದೆ. ಎರಡು ಬೆರಳು ಕರ್ರಗಾಗಿದ್ದವು, ಪಾದ ಊದಿತ್ತು. ಮೂವತ್ತೊಂದು ವರ್ಷದ ನರ್ಸು ನಾನು, ನನ್ನ ಮೂಗಿನ ಕೆಳಗೆ ಇದು ನಡೆದಿತ್ತು.

ಗೋಕಾಕದ ಒಂದು ಖಾಸಗಿ ದವಾಖಾನೆಗೆ ಸೇರಿಸಿದೆವು. ಸುಜಾತಾ ಮಧ್ಯಾಹ್ನದೊಳಗೆ ಓಡಿ ಬಂದಳು. ಡಾಕ್ಟರ್ ಸ್ವಪ್ನಿಲ್ ಅಂತ, ಚಿಕ್ಕ ವಯಸ್ಸು, ಕೈ ಒಳ್ಳೆಯದು. ಎಕ್ಸರೇ ಎತ್ತಿ ಹಿಡಿದು ನೇರವಾಗಿ ಹೇಳಿದ.

"ಮೊಣಕಾಲ ಕೆಳಗ ತಗದ್ರ ಜೀವ ಉಳೀತೈತ್ರಿ. ನಾಳೆ ತಗೀಬೇಕು, ಭಾಳ ಅಂದ್ರ ನಾಡದ್ದ. ಅದರ ಮ್ಯಾಲ ನಂಜು ರಕ್ತಕ್ಕ ಏರತೈತಿ. ಫಾರ್ಮಿನ್ಯಾಗ ಮಗನ ಹೆಸರು ಐತಿ, ಅವರನ್ನ ಕರಸ್ರಿ."

ಆ ಫಾರ್ಮು ಕೊಟ್ಟವಳು ನಾನೇ. ಸೇರಿಸುವಾಗ ಕಾಗದ ಕೇಳಿದರು, ಫೈಲು ಹಾಗೇ ಕೊಟ್ಟುಬಿಟ್ಟಿದ್ದೆ.

ಸೋಮಶೇಖರ ಮಂಗಳವಾರ ಹತ್ತು ಗಂಟೆಗೆ ಬಂದ. ಕೆಟ್ಟ ಮನುಷ್ಯ ಅಂತ ನಾನು ಹೇಳಲಾರೆ. ತಾಯಿಯ ಕಾಲು ನೋಡಿ ಹೊರಗೆ ಬಂದು, ಗೋಡೆಗೆ ಹಣೆ ಇಟ್ಟು ಅತ್ತ. ನಲವತ್ತೊಂಬತ್ತು ವರ್ಷದ ಗಂಡಸು ಸಣ್ಣ ಹುಡುಗನ ಹಾಗೆ ಅತ್ತ. ಆಮೇಲೆ ಕಣ್ಣು ಒರೆಸಿಕೊಂಡು ಡಾಕ್ಟರಿಗೆ ಹೇಳಿದ.

"ಕಾಲು ತಗ್ಯೂದು ಬ್ಯಾಡ್ರಿ. ಔಷಧದ ಮ್ಯಾಲ ಎಷ್ಟು ಆಕ್ಕೈತಿ ಅಷ್ಟು ನೋಡ್ರಿ."

"ಔಷಧದ ಮ್ಯಾಲ ಆಗೂದಿಲ್ರಿ. ತಗೀಲಿಲ್ಲಂದ್ರ ಉಳ್ಯೂದಿಲ್ಲ."

ಆಗ ಸೋಮಶೇಖರನ ಬಾಯಿಂದ ಬಂದ ಮಾತು ಕೇಳಿ ನಾನು ಕುಳಿತಲ್ಲೇ ಕುಳಿತೆ.

"ಹೋಗೂದ ಇದ್ರ ಹೋಗ್ಲ್ರಿ, ಎಪ್ಪತ್ತೆರಡಾಗ್ಯಾವು. ಆದ್ರ ಹೋಗೂವಾಗ ಪೂರ್ತಿ ಹೋಗಬೇಕು. ನಮ್ಮ ಮಂದ್ಯಾಗ ಹೆಣಾ ಮಲಗಸಂಗಿಲ್ಲ, ಕುಂದರಸ್ತೀವಿ. ಪದ್ಮಾಸನ ಹಾಕಿ ಗುದ್ದಿನ್ಯಾಗ ಕುಂದರಸಬೇಕು. ಒಂದ ಕಾಲಿಲ್ಲದ ಹೆಣಾ ಹೆಂಗ ಕುಂದರಸ್ಲಿ? ನಮ್ಮಪ್ಪ ಹ್ವಾದಾಗ ಊರ ಮಂದಿ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದ್ರು, ದೇವ್ರು ಕುಂತಂಗ ಕುಂತಿದ್ದ. ಅವ್ವನ್ನ ಯಾರ ಮುಂದ ಹೆಂಗ ಇಡಲಿ?"

ಹೌದು, ಅವರಲ್ಲಿ ಕೂಡಿಸಿಯೇ ಮಣ್ಣು ಮಾಡುತ್ತಾರೆ. ಲಿಂಗ ಅಂಗೈಯಲ್ಲಿ ಇಟ್ಟು, ಕಾಲು ಮಡಚಿ, ಪೂಜೆಗೆ ಕುಳಿತಂತೆ. ನೋಡಿದವರಿಗೆ ಅದು ಚೆಂದವೇ. ಆದರೆ ಬದುಕಿದವಳ ಕಾಲನ್ನು ಸತ್ತ ದಿನದ ಸಲುವಾಗಿ ಉಳಿಸಿಕೊಳ್ಳುವುದು ಯಾವ ಶಾಸ್ತ್ರ ಅಂತ ನನ್ನ ಬಾಯಿಯ ತನಕ ಬಂದಿತ್ತು. ನುಂಗಿಕೊಂಡೆ. ಹೊರಗಿನವಳು ನಾನು. ಮಾತಾಡಬೇಕಾದವಳು ಬಾಜೂಕ್ಕೇ ನಿಂತಿದ್ದಳು.

"ಅಣ್ಣಾ," ಅಂದಳು ಸುಜಾತಾ. ಹೆರಿಗೆ ವಾರ್ಡಿನಲ್ಲಿ ಗೋಡೆ ನಡುಗುವಂತೆ ಮಾತಾಡುವವಳ ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ಅಣ್ಣಾ, ಅವ್ವ ಇನ್ನೂ ಬದುಕ್ಯಾಳ. ಕಾಲು ಹ್ವಾದ್ರ ಗಾಲಿ ಕುರ್ಚಿ ಮ್ಯಾಲ ಕುಂದರತಾಳ. ನಾ ನೋಡ್ಕೋತೀನಿ."

"ನೀ ಕೊಟ್ಟ ಮನಿಯಾಕಿ. ನಿನಗ ಇದರಾಗ ಮಾತಿಲ್ಲ."

"ನನಗೂ ಅವ್ವ ಅಲ್ಲನು?"

"ನೀ ಸಹಿ ಮಾಡಿದಿ ಅಂದ್ರ ಇವತ್ತಿಗೆ ತವರಮನಿ ಮುಗೀತು ಅಂತ ತಿಳಕೋ. ಪಂಚಮಿಗೆ ಕರ್ಯಾಕ ಬರಂಗಿಲ್ಲ, ಸತ್ರ ಮಣ್ಣಿಗೂ ಬರಂಗಿಲ್ಲ."

ಹೇಳಿ ಹೊರಟುಹೋದ. ಅಂಗಡಿ ತೆರೆದಿಟ್ಟು ಬಂದಿದ್ದನಂತೆ.

ಓದುವವರಿಗೆ ಇದು ಸಣ್ಣ ಬೆದರಿಕೆ ಅನ್ನಿಸಬಹುದು. ನಾಗರಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗುವುದು, ಉಂಡಿ ಕಟ್ಟಿಸಿಕೊಡುವುದು, ಬಳೆ ಇಡಿಸುವುದು, ಇಷ್ಟೇ ತಾನೇ. ನಮ್ಮ ಕಡೆ ಅದು ಇಷ್ಟೇ ಅಲ್ಲ. ಗಂಡನ ಮನೆ ಎಷ್ಟೇ ಒಳ್ಳೆಯದಿರಲಿ, ಬೆನ್ನಿಗೆ ಒಂದು ಮನೆ ಇದೆ ಅನ್ನುವ ಧೈರ್ಯದ ಮೇಲೆ ಹೆಂಗಸರು ನಿಂತಿರುತ್ತಾರೆ. ಸುಜಾತಾಳಿಗೆ ಆ ಮನೆ ಅಂದರೆ ಅಣ್ಣ ಒಬ್ಬನೇ. ಸಣ್ಣವಳಿದ್ದಾಗ ಅವಳನ್ನು ಮುದ್ದು ಮಾಡಿದವನು. ಮೂಡಲಗಿ ತನಕ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಟ್ಟುಬಂದವನು. ಮನೆಯಲ್ಲಿ ಹೆಣ್ಣುಮಗಳ ಓದು ಸಾಕು ಅಂದಾಗ ಅಪ್ಪನ ಎದುರು ಜಗಳಾಡಿ ಹತ್ತನೇ ತರಗತಿ ಮುಗಿಸಿಕೊಟ್ಟವನು. ಆ ಓದಿನಿಂದಲೇ ಅವಳಿಗೆ ಆಶಾ ಕೆಲಸ ಸಿಕ್ಕಿದ್ದು. ಇದನ್ನೆಲ್ಲ ಅಂದು ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಅವಳೇ ನನಗೆ ಹೇಳಿದಳು.

ನನಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು.

"ಊರ ಹೆಣ್ಮಕ್ಕಳಿಗೆಲ್ಲ ಪೆನ್ನು ಹಿಡಸ್ತಿ. ನಿಮ್ಮವ್ವಗ ಒಂದು ಸಹಿ ಹಾಕಾಕ ನಿನ್ನ ಕೈ ಸೇದಿ ಹೋಗ್ಯಾವೇನ?" ಅಂದೆ.

"ಬೈರಿ ಅಕ್ಕಾರ, ಬೈರಿ. ಆದ್ರ ಒಂದ ದಿನಾ ಕೊಡ್ರಿ. ತುಕ್ಕಾನಟ್ಟ್ಯಾಗ ಬಸವಲಿಂಗ ಅಯ್ಯಾರು ಅದಾರ. ನಮ್ಮಪ್ಪನ ಮಣ್ಣು ಮಾಡ್ಸಿದವರು ಅವರ. ಅಯ್ಯಾರು ಹೇಳಿದ್ರ ಅಣ್ಣ ಕೇಳ್ತಾನ. ಅವನ ಕೈಲೇ ಸಹಿ ಮಾಡಸ್ತೀನಿ. ಅವ್ವನೂ ಉಳೀತಾಳ, ಮನಿನೂ ಉಳೀತೈತಿ."

ಎರಡೂ ಉಳಿಯಲಿ ಅನ್ನುವ ಆಸೆ. ಹೋಗು ಅಂದೆ. ಅವತ್ತು ಕೊರಳು ಹಿಡಿದು ಅಲ್ಲೇ ಕೂರಿಸಿ ಸಹಿ ಹಾಕಿಸಬೇಕಿತ್ತು.

ಬುಧವಾರ ಬೆಳಿಗ್ಗೆ ಅವಳು ತುಕ್ಕಾನಟ್ಟಿಗೆ ಹೋದಳು. ಅಯ್ಯನವರು ಪಕ್ಕದ ಊರಿಗೆ ಮನೆ ಶಾಂತಿಗೆ ಹೋಗಿದ್ದರು, ಮಧ್ಯಾಹ್ನದ ತನಕ ಅವರ ಕಟ್ಟೆಯ ಮೇಲೆ ಕುಳಿತಿದ್ದಳಂತೆ. ಇತ್ತ ನಾನು ದವಾಖಾನೆಯಲ್ಲಿ ಲಕ್ಕವ್ವನ ಹಾಸಿಗೆಯ ಬಾಜೂ ಇದ್ದೆ. ಜ್ವರ ಇತ್ತು, ಎಚ್ಚರವೂ ಇತ್ತು. ಮೂರು ದಿನದಿಂದ ಎಲ್ಲರೂ ಅವಳ ಕಾಲಿನ ಬಗ್ಗೆ ಬಾಗಿಲ ಹೊರಗೆ ನಿಂತು ಮಾತಾಡಿದ್ದೆವು. ಒಳಗೆ ಬಂದಾಗ ಎಲ್ಲ ಆರಾಮ ಆಗತೈತಿ ಅಂತ ನಗುತ್ತಿದ್ದೆವು. ಅಂದು ಅವಳು ನನ್ನನ್ನೇ ನೋಡುತ್ತ ಮಲಗಿದ್ದಳು. ನನಗೆ ನಾಚಿಕೆಯಾಯಿತು.

"ಲಕ್ಕವ್ವ, ಒಂದು ಮಾತು ಕೇಳ್ತೀನಿ. ನಿನ್ನ ಕಾಲು ಕೆಟ್ಟೈತಿ. ತಗದ್ರ ಉಳೀತಿ, ಬಿಟ್ರ ಉಳ್ಯೂದಿಲ್ಲ. ನೀ ಏನಂತಿ?"

ಅವಳ ತುಟಿ ಒಣಗಿತ್ತು, ಚಮಚದಲ್ಲಿ ನೀರು ಹಾಕಿದೆ.

"ನನ್ನ ಕೇಳಾಕ ಇಷ್ಟು ದಿನಾ ಹಿಡೀತೇನ ಪದ್ಮವ್ವ?" ಅಂದಳು.

"ತಪ್ಪಾತು."

"ಸೋಮು ಏನಂದ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಇದ್ದದ್ದು ಇದ್ದಹಾಗೆ ಹೇಳಿದೆ. ಅವಳ ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಗೆ ಹೋಯಿತು. ಬಲಗೈ ಎತ್ತಿ ಒರೆಸಿಕೊಂಡಳು.

"ನಾ ಸತ್ತ ಮ್ಯಾಲ ಹೆಂಗ ಕುಂದರಬೇಕು ಅಂತ ಚಿಂತಿ ಮಾಡಾಕತ್ತಾನ. ಈಗ ಈ ಬ್ಯಾನ್ಯಾಗ ಹೆಂಗ ಮಲಗಲಿ ಅಂತ ಕೇಳಿಲ್ಲ ನೋಡು. ತಗೀರಿ. ನನಗ ಇನ್ನೂ ಇರಬೇಕು ಅನಸ್ತೈತಿ. ಸುಜಾತನ ಮಗಳ ಮದಿವಿ ನೋಡಬೇಕು. ಎಲ್ಲಿ ಹೆಬ್ಬೆಟ್ಟು ಒತ್ತಬೇಕು, ತಾ."

ಕೂಡಲೇ ಕಾಗದ ತರಿಸಿದೆ. ಇಬ್ಬರು ಸಿಸ್ಟರ್‌ಗಳ ಎದುರಿಗೆ ಒಪ್ಪಿಗೆ ಓದಿ ಹೇಳಿದೆ, ಲಕ್ಕವ್ವ ಬಲಗೈ ಹೆಬ್ಬೆಟ್ಟು ಒತ್ತಿದಳು. ಆ ಕಾಗದ ಹಿಡಿದು ಡಾಕ್ಟರ್ ಸ್ವಪ್ನಿಲ್ ಹತ್ತಿರ ಹೋದೆ. ಆತ ಓದಿದ, ಮೇಜಿನ ಮೇಲೆ ಇಟ್ಟ.

"ಕಾನೂನಿಗೆ ಇದು ಸಾಕ್ರಿ ಸಿಸ್ಟರ್, ನನಗೂ ಗೊತ್ತು. ಆದ್ರ ಮಗಾ ನನ್ನ ಮುಂದ ಬ್ಯಾಡ ಅಂದು ಹೋಗ್ಯಾನ. ನಾಳೆ ಏನರ ಆದ್ರ ಮಂದಿ ಕರಕೊಂಡು ಬರ್ತಾರ. ಹೋದ ವರ್ಷ ಹಿಂಗ ಆಗಿ ಮುಂದಿನ ಬಾಗಲದ ಕಾಜು ಒಡದ್ರು, ನನ್ನ ಕಾಂಪೌಂಡರ್‌ನ ಹೊಡದ್ರು. ಮನಿಯವರು ಒಬ್ಬರು ಜೋಡಿ ಸಹಿ ಹಾಕ್ಲಿ. ಮಗಳು ಹಾಕಿದ್ರೂ ನಡೀತೈತಿ. ಈಗ ಹಾಕಿದ್ರ ಈಗ ಆಪರೇಶನ್ನಿಗೆ ತಗೊಂಡು ಹೋಗ್ತೀನಿ."

ಅವನ ಹೆದರಿಕೆ ನನಗೆ ಗೊತ್ತಿಲ್ಲದ್ದಲ್ಲ. ಆದರೂ ಅಂದು ಅವನ ಮೇಲೆ ಉರಿದುಬಿದ್ದೆ, ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಹೊರಗೆ ಬಂದು ಸುಜಾತಾಳಿಗೆ ಫೋನು ಮಾಡಿದೆ. ಅವ್ವ ಒಪ್ಪಿದ್ದಾಳೆ, ನೀನು ಬಂದು ಸಹಿ ಹಾಕು, ಸಂಜೆಯೊಳಗೆ ಮುಗಿಯುತ್ತದೆ ಅಂದೆ.

ಅವಳ ದನಿಗೆ ಜೀವ ಬಂದಿತ್ತು.

"ಅಕ್ಕಾರ, ಅಯ್ಯಾರು ಸಿಕ್ಕಾರ್ರಿ. ಹಂಗೇನೂ ಕಟ್ಟಳಿ ಇಲ್ಲ, ಲಿಂಗ ಅಂಗೈಯಾಗ ಇದ್ರ ಸಾಕು, ಕಾಲಿಗಿ ಏನೈತಿ ಅಂದ್ರು. ಕೈ ಇಲ್ಲದವರನ್ನೂ ಕುಂದರಸೇನಿ, ಕಾಲಿಲ್ಲದವರನ್ನೂ ಕುಂದರಸೇನಿ ಅಂದ್ರು. ಅಣ್ಣಗ ಫೋನ್ ಹಚ್ಚಿ ತಾವ ಹೇಳಿದ್ರು. ಅಣ್ಣ ನಾಳೆ ಮುಂಜಾನೆ ಬರ್ತೀನಿ ಅಂದಾನ. ತಾನಾ ಸಹಿ ಹಾಕ್ತಾನ್ರಿ."

"ಹಾಕ್ತೀನಿ ಅಂದಾನೋ, ಬರ್ತೀನಿ ಅಂದಾನೋ?"

"ಬರ್ತೀನಿ ಅಂದಾನ. ಬಂದ್ರ ಹಾಕಿದಂಗರಿ. ಈಗ ನಾ ಹಾಕಿದ್ರ ಎಲ್ಲಾ ಮುರದು ಹೊಕ್ಕೈತಿ. ಒಂದು ರಾತ್ರಿ ಅಷ್ಟ, ಅಕ್ಕಾರ."

"ಒಂದು ರಾತ್ರಿ ಅಂದ್ರ ಏನಂತ ನಿನಗ ಗೊತ್ತಿಲ್ಲೇನ? ಕೂಸು ಕಾಯೂದಿಲ್ಲ ಅಂತ ನೀನ ಅಂದಾಕಿ."

ಆ ಕಡೆಯಿಂದ ಬರೀ ಅಳು. ಫೋನು ಇಟ್ಟೆ. ಲಕ್ಕವ್ವನಿಗೆ ನಾಳೆ ಬೆಳಿಗ್ಗೆ ಆಪರೇಶನ್ ಅಂತ ಹೇಳಿದೆ. ಅವಳು ಗೋಣು ಆಡಿಸಿದಳು.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಹೋದಾಗ ಲಕ್ಕವ್ವನಿಗೆ ನನ್ನ ಗುರುತು ಸಿಗಲಿಲ್ಲ. ಜ್ವರ ನೂರಾನಾಲ್ಕು. ಬೀಪಿ ಇಳಿದಿತ್ತು. ಗಂಡನ ಹೆಸರು ಹಿಡಿದು ಎಮ್ಮೆಗೆ ಮೇವು ಹಾಕಿದಿರೇನು ಅಂತ ಕೇಳುತ್ತಿದ್ದಳು. ಹಸಿರುಗಪ್ಪು ಗೆರೆ ಮೊಣಕಾಲು ದಾಟಿ ಮೇಲೆ ಬಂದಿತ್ತು. ಡಾಕ್ಟರ್ ಸ್ವಪ್ನಿಲ್ ಹಾಳೆ ಸರಿಸಿ ನೋಡಿ ಮುಚ್ಚಿದ. ಈಗ ತೊಡೆಯಲ್ಲಿ ತೆಗೆಯಬೇಕು, ತಡೆದುಕೊಳ್ಳುವ ಭರವಸೆ ಕಡಿಮೆ, ತೆಗೆಯದಿದ್ದರೆ ಅದೂ ಇಲ್ಲ ಅಂದ.

ಸುಜಾತಾ ಎಂಟಕ್ಕೆ ಬಂದಳು. ಅಣ್ಣ ಒಂಬತ್ತಾದರೂ ಬರಲಿಲ್ಲ. ಅವಳು ಫೋನು ಮಾಡುತ್ತಲೇ ಇದ್ದಳು, ಅವನು ದಾರಿಯಲ್ಲಿದ್ದೇನೆ ಅನ್ನುತ್ತಲೇ ಇದ್ದ. ಒಂಬತ್ತೂವರೆಗೆ ಒಂದು ಗಾಡಿ ಮಾಡಿಕೊಂಡು ಬಂದ, ಜೊತೆಗೆ ಇಬ್ಬರು ಹಿರಿಯರು. ಸಹಿ ಹಾಕಲು ಬಂದಿರಲಿಲ್ಲ. ತಾಯಿಯನ್ನು ಬಿಡಿಸಿಕೊಂಡು ಹೋಗಲು ಬಂದಿದ್ದ. ಎಲ್ಲೋ ಎಲೆ ಕಟ್ಟಿ ಕಾಲು ಉಳಿಸುವ ನಾಟಿ ವೈದ್ಯ ಇದ್ದಾನೆ ಅಂತ ಯಾರೋ ಹೇಳಿದ್ದರಂತೆ.

"ಅಯ್ಯಾರು ನಿನಗ ಹೇಳಿಲ್ಲೇನ ಅಣ್ಣಾ?" ಅಂದಳು ಸುಜಾತಾ.

"ಅಯ್ಯಾರು ಹೇಳ್ತಾರ. ನಾಳೆ ಊರಾಗ ತಲಿ ಎತ್ತಿ ಅಡ್ಡಾಡಾವ ನಾ."

ಸುಜಾತಾ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದಳು. ನಾನು ಕಾಗದ ಕೊಟ್ಟೆ, ಪೆನ್ನು ಕೊಟ್ಟೆ. ತಾಯಿಯ ಹೆಬ್ಬೆಟ್ಟಿನ ಕೆಳಗೆ, ಅಣ್ಣನ ಕಣ್ಣೆದುರಿಗೇ, ಗೋಡೆಗೆ ಕಾಗದ ಒತ್ತಿಹಿಡಿದು ಸಹಿ ಹಾಕಿದಳು. ಒಂದು ದಿನ ಮೊದಲು ಈ ಕೈ ಎಲ್ಲಿ ಹೋಗಿತ್ತು?

"ಮುಗೀತು," ಅಂದ ಸೋಮಶೇಖರ. "ನಿನಗ ನಾ ಇಲ್ಲ, ನನಗ ನೀ ಇಲ್ಲ."

"ಆತು," ಅಂದಳು ಸುಜಾತಾ.

ಹಿರಿಯರಿಬ್ಬರೂ ನಡುವೆ ಬಂದು ಅವನನ್ನು ಹೊರಗೆ ಕರೆದುಕೊಂಡು ಹೋದರು. ಆಪರೇಶನ್ ಎರಡೂವರೆ ತಾಸು ಹಿಡಿಯಿತು. ಲಕ್ಕವ್ವ ಮೇಜಿನಿಂದ ಜೀವಂತ ಬಂದಳು, ಎಚ್ಚರಕ್ಕೆ ಮಾತ್ರ ಬರಲಿಲ್ಲ. ಶುಕ್ರವಾರ ಪೂರ್ತಿ ಸುಜಾತಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಯವ್ವಾ, ಯವ್ವಾ ಅಂತ ಕರೆದಳು. ಊಟ ಬಿಟ್ಟಿದ್ದಳು. ಈಶ್ವರ ತಂದಿಟ್ಟ ಬುತ್ತಿ ಹಾಗೇ ಹಳಸಿತು. ಶನಿವಾರ ಮಧ್ಯಾಹ್ನ ಒಂದೂಕಾಲಿಗೆ ಲಕ್ಕವ್ವ ಹೋದಳು.

ಸೋಮಶೇಖರ ಜಗಳ ಮಾಡಲಿಲ್ಲ, ಕಾಜು ಒಡೆಯಲಿಲ್ಲ. ಕಾಗದಗಳಿಗೆ ಸಹಿ ಹಾಕಿ ಹೆಣ ತೆಗೆದುಕೊಂಡು ತುಕ್ಕಾನಟ್ಟಿಗೆ ಹೋದ. ಡಾಕ್ಟರ್ ಸ್ವಪ್ನಿಲ್ ಸುಮ್ಮನೆ ಹೆದರಿದ್ದ. ನಾವೆಲ್ಲರೂ ಸುಮ್ಮನೆ ಹೆದರಿದ್ದೆವು.

ಭಾನುವಾರ ನಾನೂ ಸುಜಾತಾಳೂ ಈಶ್ವರನ ಜೊತೆ ಮಣ್ಣಿಗೆ ಹೋದೆವು. ಮನೆಯ ಬಾಗಿಲಲ್ಲಿ ಅವಳನ್ನು ಯಾರೂ ಬಾ ಅನ್ನಲಿಲ್ಲ, ಯಾರೂ ಹೋಗು ಅನ್ನಲಿಲ್ಲ. ಅತ್ತಿಗೆ ನೀರಿನ ತಂಬಿಗೆ ನನ್ನ ಕೈಗೆ ಕೊಟ್ಟಳು, ಅವಳ ಕಡೆ ನೋಡಲಿಲ್ಲ. ಸುಜಾತಾ ಅಂಗಳದಲ್ಲಿ ಬಿಸಿಲಿಗೆ ನಿಂತೇ ಇದ್ದಳು. ಆಮೇಲೆ ಎಲ್ಲರ ಹಿಂದೆ ಹೊಲಕ್ಕೆ ನಡೆದಳು.

ಕೆಂಚಪ್ಪನ ಗದ್ದುಗೆಯ ಬಾಜೂ ಗುದ್ದು ತೋಡಿದ್ದರು. ಬಸವಲಿಂಗ ಅಯ್ಯನವರು ಒಳಗಿಳಿದರು. ಎಪ್ಪತ್ತರ ಮೇಲಿನ ಮುದುಕ, ಆದರೂ ಚುರುಕು. ಮೇಲಿನವರು ಲಕ್ಕವ್ವನನ್ನು ಇಳಿಸಿಕೊಟ್ಟರು. ಅಯ್ಯನವರು ಅವಳ ಬೆನ್ನು ಮಣ್ಣಿನ ಗೋಡೆಗೆ ಆನಿಸಿದರು. ಇದ್ದ ಕಾಲು ಮಡಚಿದರು. ಇಲ್ಲದ ಕಾಲಿನ ಜಾಗದಲ್ಲಿ ಒಂದು ಹಳೆಯ ಕೌದಿ ಮಡಚಿ ಇಟ್ಟು, ಮೇಲೆ ಸೀರೆಯ ನಿರಿಗೆ ಎಳೆದು ಸರಿಮಾಡಿದರು. ಎಡ ಅಂಗೈಯಲ್ಲಿ ಲಿಂಗ ಇಟ್ಟು, ಬಲಗೈ ಅದರ ಕೆಳಗೆ ಹಚ್ಚಿದರು. ಹಣೆಗೆ ವಿಭೂತಿ ಬಳಿದು ಹಿಂದೆ ಸರಿದರು. ಲಕ್ಕವ್ವ ನೆಟ್ಟಗೆ ಕುಳಿತಿದ್ದಳು. ಏನು ಕಡಿಮೆಯಾಗಿದೆ ಅಂತ ಗೊತ್ತಿಲ್ಲದವರಿಗೆ ಗೊತ್ತಾಗುವಂತಿರಲಿಲ್ಲ. ಊರ ಮಂದಿ ಒಬ್ಬೊಬ್ಬರೇ ಬಾಗಿ ಕೈ ಮುಗಿದರು. ಯಾರೂ ಏನೂ ಅನ್ನಲಿಲ್ಲ.

ಸೋಮಶೇಖರ ಗುದ್ದಿನ ಅಂಚಿನಲ್ಲಿ ಮಂಡಿಯೂರಿ ಕುಳಿತಿದ್ದ. ತಾಯಿಯನ್ನು ನೋಡುತ್ತ ನೋಡುತ್ತ ಅವನ ಬಾಯಿ ತೆರೆಯಿತು.

"ಕುಂತಾಳಲ್ರಿ ಅಯ್ಯಾರ," ಅಂದ. "ಕುಂತಾಳಲ್ಲ."

ಅಯ್ಯನವರು ಮೊದಲ ಹಿಡಿ ಮಣ್ಣು ಅವನ ಕೈಗೆ ಕೊಟ್ಟರು. ಅವನು ಮಣ್ಣು ಹಿಡಿದುಕೊಂಡು ತಂಗಿಯ ಕಡೆ ತಿರುಗಿದ. ಏನೋ ಹೇಳಬೇಕೆಂದಿದ್ದ ಅಂತ ನನಗೆ ಈಗಲೂ ಅನ್ನಿಸುತ್ತದೆ. ಸುಜಾತಾ ಅವನ ಕಡೆ ನೋಡಲಿಲ್ಲ. ಹೆಂಗಸರ ಗುಂಪಿನ ಹಿಂದೆ ಜೋಳದ ಕೂಳೆಯ ಮೇಲೆ ಕುಸಿದು ಕುಳಿತಿದ್ದಳು. ನಾನು ಹೋಗಿ ಬಗಲಿಗೆ ಕೈ ಹಾಕಿ ಎತ್ತಲು ನೋಡಿದೆ, ಅವಳು ಏಳಲಿಲ್ಲ.

"ಎಷ್ಟೊತ್ತು ಹಿಡೀತ್ರಿ ಅಕ್ಕಾರ, ಕುಂದರಸಾಕ?" ಅಂತ ಕೇಳಿದಳು.

ನಾನು ಅವಳ ಬಾಜೂ ಕೂಳೆಯ ಮೇಲೆ ಕುಳಿತೆ.

"ಎರಡು ನಿಮಿಷ ಹಿಡೀತು. ನೋಡೇನಿ ನಾ. ಮಂಗಳವಾರ ಸಹಿ ಹಾಕಿದ್ರ ಅವ್ವ ಇವತ್ತ ನಿಮ್ಮಲ್ಲೆ ಹಾಸಿಗಿ ಮ್ಯಾಲ ಕುಂದರತಿದ್ಲು."